ಪರಮಾಣು ಪ್ರಯೋಗಶಾಲೆಯನ್ನು ಸೇರುವ ವಿದ್ಯಾರ್ಥಿಗೆ

ಪ್ರತಿವರ್ಷವೂ ಪರೀಕ್ಷೆಗಳು ಮುಗಿದು ಫಲಿತಾಂಶ ಹೊರಬೀಳುವ ಕಾಲಕ್ಕೆ ಕೆಲವರು ವಿದ್ಯಾರ್ಥಿಗಳು ಭೌತವಿಜ್ಞಾನದ ಅಧ್ಯಾಪಕರಾದ ನಮ್ಮನ್ನು ಕಂಡು ಒಂದೇ ಬಗೆಯ ಪ್ರಶ್ನೆಗಳನ್ನು ಕೇಳುವುದುಂಟು. ಪರಮಾಣು ಶಕ್ತಿಗೆ ಸಂಬಂಧಿಸಿದ ಸಂಶೋಧನಾಲಯವನ್ನು ಸೇರಬೇಕಾದರೆ ಏನನ್ನು ಓದಿರಬೇಕು? ಸೇರಿದ ಮೇಲೆ ಅಲ್ಲಿ ಮಾಡತಕ್ಕ ಕೆಲಸವಾದರೂ ಏನು? ಮೂರನೆಯ ಪ್ರಶ್ನೆಯನ್ನು ವಿದ್ಯಾರ್ಥಿಗಳಿಗಿಂತ ಅವರ ತಂದೆತಾಯಿಗಳೇ ಹೆಚ್ಚಾಗಿ ಕೇಳುತ್ತಾರೆ: ಅಲ್ಲಿ ದೇಹಕ್ಕೆ ಅಪಾಯವಿಲ್ಲವೆ? ಮೂರೂ ನ್ಯಾಯವಾದ ಪ್ರಶ್ನೆಗಳೇ. ಇವುಗಳಲ್ಲಿ ಎರಡನೆಯದನ್ನು ಮೊದಲು ಕೈಗೆತ್ತಿಕೊಳ್ಳೋಣ. ಕೆಲಸದ ಸ್ವರೂಪವು ಸ್ಪಷ್ಟವಾದರೆ ಉಳಿದೆರಡಕ್ಕೂ ಉತ್ತರವು ಬಹುಮಟ್ಟಿಗೆ ತಾನಾಗಿಯೇ ದೊರೆಯುತ್ತದೆ.

ಬೆಂಗಳೂರಿನ ಆರಂಭ

ಪರಮಾಣು ಸಂಶೋಧನೆಯೆಂದರೆ ಮುಂಬಯಿಯ ಟ್ರಾಂಬೆಯೊಂದೇ ನಮ್ಮವರ ನೆನಪಿಗೆ ಬರುವುದು ವಾಡಿಕೆ. ಆದರೆ ಭಾರತದಲ್ಲಿ ಈ ವಿದ್ಯೆಯ ಬೇರುಗಳಲ್ಲಿ ಒಂದು ಬೆಂಗಳೂರಿನ ನೆಲದಲ್ಲಿದೆ. ೧೯೩೯ರಲ್ಲಿ ಕೇಂಬ್ರಿಜ್ಜಿನಿಂದ ರಜೆಗೆಂದು ಸ್ವದೇಶಕ್ಕೆ ಬಂದ ಹೋಮಿ ಭಾಭಾ ಅವರು, ಯುದ್ಧವು ಆರಂಭವಾದುದರಿಂದ ಹಿಂದಿರುಗಲಾರದೆ, ಇಲ್ಲಿನ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿದರು. ಅಲ್ಲಿ ಅವರು ವಿಶ್ವಕಿರಣಗಳ ಅಭ್ಯಾಸಕ್ಕಾಗಿ ಒಂದು ವಿಭಾಗವನ್ನು ಕಟ್ಟಿದರು. ಅಲಹಾಬಾದಿನಿಂದ ಬಂದ ಹರೀಶ್‌ಚಂದ್ರರೆಂಬ ತರುಣರು ೧೯೪೩ರಲ್ಲಿ ಅಲ್ಲಿ ಸಂಶೋಧನ ವಿದ್ಯಾರ್ಥಿಯಾದರು. ಮುಂದೆ ಜಗತ್ತಿನ ಹಿರಿಯ ಗಣಿತಜ್ಞರಲ್ಲಿ ಒಬ್ಬರೆನಿಸಿದವರು ಅವರೇ. ೧೯೪೫ರ ಜೂನ್ ತಿಂಗಳಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯು ಹುಟ್ಟಿದುದೂ ಇದೇ ಊರಿನಲ್ಲಿಯೇ. ವರ್ಷದ ಕೊನೆಗೆ ಅದು ಮುಂಬಯಿಗೆ ಹೋಯಿತು.

ನಗರದ ಪೂರ್ವಭಾಗಕ್ಕೂ ಈ ಕಥೆಯಲ್ಲಿ ಪಾಲುಂಟು. ೧೯೪೦ರಲ್ಲಿ ಹಲಸೂರಿನಿಂದ ಆಚೆಗೆ ಸ್ಥಾಪಿತವಾದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯು ಯುದ್ಧಕಾಲದಲ್ಲಿ ಅಮೆರಿಕದ ಸೇನೆಯ ವಿಮಾನಗಳ ದುರಸ್ತಿಯ ನೆಲೆಯಾಗಿತ್ತು. ಆ ಸೇನೆಯ ವಿಮಾನಗಳಲ್ಲಿ ಗಣಕಗಳನ್ನಿಟ್ಟು ಭಾಭಾ ಮತ್ತು ಅವರ ಸಂಗಡಿಗರು ಬೆಂಗಳೂರಿನ ಮೇಲೆ ಸುಮಾರು ೩೦,೦೦೦ ಅಡಿಗಳ ಎತ್ತರದವರೆಗೆ ವಿಶ್ವಕಿರಣಗಳನ್ನು ಎಣಿಸಿ, ೧೯೪೫ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಭೂಮಿಯ ಕಾಂತಕ್ಷೇತ್ರವು ಆಕಾಶದಿಂದ ಬರುವ ವಿದ್ಯುದಾವಿಷ್ಟ ಕಣಗಳನ್ನು ಬಾಗಿಸುತ್ತದೆ; ಕಾಂತೀಯ ವಿಷುವದ್ವೃತ್ತಕ್ಕೆ ಸಮೀಪದಲ್ಲಿರುವ ಬೆಂಗಳೂರಿಗೂ ಅದರಿಂದ ದೂರವಿರುವ ಉತ್ತರದ ದೇಶಗಳಿಗೂ ಎಣಿಕೆಯಲ್ಲಿ ಎಷ್ಟು ಅಂತರವೆಂಬುದು ಆಗಿನ ಪ್ರಶ್ನೆ. ದಂಡಿನ ಪ್ರದೇಶದ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದ ರಾಜಾ ರಾಮಣ್ಣನವರು ಆ ದಿನಗಳಲ್ಲಿಯೇ ಭಾಭಾ ಅವರನ್ನು ಮೊದಲ ಬಾರಿಗೆ ಕಂಡರು. ಲಂಡನ್ನಿನಲ್ಲಿ ಪದವಿ ಪಡೆದು ೧೯೪೯ರಲ್ಲಿ ಟಾಟಾ ಸಂಸ್ಥೆಯನ್ನು ಸೇರಿದ ಅವರು ಮುಂದೆ ಭಾಭಾ ಪರಮಾಣು ಸಂಶೋಧನ ಕೇಂದ್ರದ ನಿರ್ದೇಶಕರಾದರು.

ಈ ಹಿರಿಯರೆಲ್ಲರ ಸುತ್ತ ನಡೆದ ಪ್ರಯೋಗಗಳಲ್ಲಿ ಒಂದು ಸಮಾನ ಲಕ್ಷಣವಿದೆ. ಅದೇ ಎಣಿಕೆ. ಪರಮಾಣು ಪ್ರಯೋಗಶಾಲೆಯ ಹೊಸ ವಿದ್ಯಾರ್ಥಿಯು ಮೊದಲು ಕಲಿಯತಕ್ಕದ್ದೂ ಇದನ್ನೇ.

ಮೊದಲ ಉಪಕರಣ

ಹೊಸಬನ ಕೈಗೆ ಯಾರೂ ರಿಯಾಕ್ಟರನ್ನು ಒಪ್ಪಿಸುವುದಿಲ್ಲ. ಅವನಿಗೆ ಮೊದಲು ದೊರೆಯುವುದು ಸಾಮಾನ್ಯವಾಗಿ ಒಂದು ಗೈಗರ್ ಗಣಕ. ಲೋಹದ ಒಂದು ನಳಿಗೆ, ಅದರ ನಡುವೆ ಎಳೆದು ಕಟ್ಟಿದ ಸಣ್ಣ ತಂತಿ, ಒಳಗೆ ಕಡಿಮೆ ಒತ್ತಡದ ಆರ್ಗಾನಿನಂಥ ಅನಿಲ, ತಂತಿಗೂ ನಳಿಗೆಗೂ ನಡುವೆ ಕೆಲವು ನೂರು ವೋಲ್ಟುಗಳ ಅಂತರ. ಇಷ್ಟೇ ಅದರ ರಚನೆ. ಹೊರಗಿನಿಂದ ವೇಗವಾದ ಕಣವೊಂದು ಒಳಹೊಕ್ಕರೆ ಅದು ಅನಿಲದ ಕೆಲವು ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತುಬಿಡುತ್ತದೆ. ಆ ಎಲೆಕ್ಟ್ರಾನುಗಳು ತಂತಿಯ ಕಡೆಗೆ ಧಾವಿಸುವಾಗ ದಾರಿಯಲ್ಲಿ ಇತರ ಪರಮಾಣುಗಳಿಗೆ ಬಡಿದು ಇನ್ನಷ್ಟು ಎಲೆಕ್ಟ್ರಾನುಗಳನ್ನು ಬಿಡಿಸುತ್ತವೆ; ಅವು ಮತ್ತಷ್ಟನ್ನು. ಹೀಗೆ ಕ್ಷಣಾರ್ಧಕ್ಕಿಂತಲೂ ಎಷ್ಟೋ ಕಡಿಮೆ ಅವಧಿಯಲ್ಲಿ ಒಂದು ಕಣದ ಸಂಚಾರವು ಕಿವಿಗೆ ಕೇಳಿಸುವ ಒಂದು ‘ಟಿಕ್’ ಶಬ್ದವಾಗುತ್ತದೆ.

ವೋಲ್ಟುಗಳು ತೀರ ಕಡಿಮೆಯಾದರೆ ಗಣಕವು ಮೌನವಾಗಿರುತ್ತದೆ; ಅತಿಯಾದರೆ ಕಣವಿಲ್ಲದೆಯೂ ಸಿಡಿಯುತ್ತದೆ. ಇವೆರಡರ ನಡುವೆ ವೋಲ್ಟುಗಳನ್ನು ಏರಿಸಿದರೂ ಎಣಿಕೆಯು ಹೆಚ್ಚು ಬದಲಾಗದ ಒಂದು ಸಮತಲ ಪ್ರದೇಶವುಂಟು. ಅದನ್ನು ಕಂಡುಹಿಡಿದು ನಕ್ಷೆಯ ಕಾಗದದ ಮೇಲೆ ಬರೆಯುವುದೇ ಹೊಸ ವಿದ್ಯಾರ್ಥಿಯ ಮೊದಲ ಪಾಠ. ಇದು ನೀರಸವಾದ ಕೆಲಸವೆಂದು ಕೆಲವರಿಗೆ ತೋರಬಹುದು. ಆದರೆ ಉಪಕರಣವು ಯಾವಾಗ ನಿಜ ಹೇಳುತ್ತದೆ, ಯಾವಾಗ ಸುಳ್ಳು ಹೇಳುತ್ತದೆ ಎಂಬುದನ್ನು ಮೊದಲೇ ತಿಳಿಯದವನು ಮುಂದೆ ಅದರ ಮಾತನ್ನು ಹೇಗೆ ನಂಬಿಯಾನು?

ಎಂದೂ ನಿಲ್ಲದ ಶಬ್ದ

ಗಣಕವನ್ನು ಸಿದ್ಧಪಡಿಸಿ, ಎದುರಿಗೆ ಯಾವ ವಿಕಿರಣ ವಸ್ತುವನ್ನೂ ಇಡದೆ ಕುಳಿತರೂ ಟಿಕ್ ಶಬ್ದವು ನಿಲ್ಲುವುದಿಲ್ಲ. ಇದಕ್ಕೆ ಕಾರಣಗಳು ಎರಡು. ಮೊದಲನೆಯದು ನೆಲ ಮತ್ತು ಕಲ್ಲು. ಹಲಸೂರಿನ ಸೋಮೇಶ್ವರ ದೇವಾಲಯದ ಕಂಬಗಳಲ್ಲಿ, ದಂಡಿನ ಹಳೆಯ ಕಟ್ಟಡಗಳ ಅಡಿಪಾಯಗಳಲ್ಲಿ ಇರುವಂಥ ನಮ್ಮ ಕಡೆಯ ಗಟ್ಟಿಕಲ್ಲಿನಲ್ಲಿ ಯುರೇನಿಯಂ ಮತ್ತು ಥೋರಿಯಂಗಳ ಲೇಶವೂ ಸಾಕಷ್ಟು ಪೊಟಾಸಿಯಂ ಧಾತುವೂ ಇವೆ. ಪ್ರಕೃತಿಯಲ್ಲಿ ದೊರೆಯುವ ಪೊಟಾಸಿಯಮ್ಮಿನ ಹತ್ತು ಲಕ್ಷ ಪರಮಾಣುಗಳಲ್ಲಿ ಸುಮಾರು ೧೧೭ ಪರಮಾಣುಗಳು ವಿಕಿರಣಶೀಲವಾದವು. ನಮ್ಮ ದೇಹದಲ್ಲಿಯೂ ಇವು ಇದ್ದೇ ಇರುತ್ತವೆ. ಎರಡನೆಯ ಕಾರಣ ಆಕಾಶ. ವಿಶ್ವಕಿರಣಗಳು ವಾಯುಮಂಡಲದ ಮೇಲ್ಭಾಗವನ್ನು ತಾಗಿದಾಗ ಹುಟ್ಟುವ ಮ್ಯೂಆನುಗಳೆಂಬ ಕಣಗಳು ನೆಲದವರೆಗೂ ಬರುತ್ತವೆ. ನೂರು ಚದರ ಸೆಂಟಿಮೀಟರಿನಷ್ಟಿರುವ ಅಂಗೈಯನ್ನು ಚಾಚಿದರೆ ಒಂದು ನಿಮಿಷಕ್ಕೆ ಸುಮಾರು ನೂರು ಮ್ಯೂಆನುಗಳು ಅದನ್ನು ಹಾಯ್ದುಹೋಗುತ್ತವೆ.

ಇವೆರಡರಿಂದ ಬರುವ ಎಣಿಕೆಗೆ ಹಿನ್ನೆಲೆಯ ಎಣಿಕೆ ಎಂದು ಹೆಸರು. ಅಳೆಯಬೇಕಾದ ವಸ್ತುವು ದುರ್ಬಲವಾಗಿದ್ದರೆ ಅದರ ದನಿಯನ್ನು ಈ ಹಿನ್ನೆಲೆಯಿಂದ ಬೇರ್ಪಡಿಸುವುದೇ ಕಷ್ಟ. ಏಕೆಂದರೆ ಪರಮಾಣುಗಳು ಗಡಿಯಾರದಂತೆ ಕ್ರಮವಾಗಿ ಸಿಡಿಯುವುದಿಲ್ಲ, ಒಂದೊಂದೂ ಆಕಸ್ಮಿಕ. ಒಂದು ಅಳತೆಯಲ್ಲಿ ೧೦೦ ಎಣಿಕೆಗಳು ಬಂದರೆ ಅದರ ವರ್ಗಮೂಲವಾದ ೧೦ರಷ್ಟು ಅನಿಶ್ಚಯವು ಅದರಲ್ಲಿ ಇದ್ದೇ ಇರುತ್ತದೆ. ಅಂದರೆ ನೂರಕ್ಕೆ ಹತ್ತು. ೧೦,೦೦೦ ಎಣಿಕೆಗಳು ಬಂದರೆ ಅನಿಶ್ಚಯವು ೧೦೦. ಅಂದರೆ ನೂರಕ್ಕೆ ಒಂದು ಮಾತ್ರ.

ಒಂದು ಉದಾಹರಣೆಯನ್ನು ನೋಡೋಣ. ಹಿನ್ನೆಲೆಯು ನಿಮಿಷಕ್ಕೆ ೩೦, ವಸ್ತುವನ್ನಿಟ್ಟಾಗ ನಿಮಿಷಕ್ಕೆ ೪೦ ಎಂದಿಟ್ಟುಕೊಳ್ಳೋಣ. ಒಂದೊಂದೇ ನಿಮಿಷ ಎಣಿಸಿದರೆ ವ್ಯತ್ಯಾಸವು ೧೦. ಆದರೆ ಅದರ ಅನಿಶ್ಚಯವು ೩೦ ಮತ್ತು ೪೦ರ ಮೊತ್ತದ ವರ್ಗಮೂಲ, ಎಂದರೆ ೮ಕ್ಕಿಂತಲೂ ಹೆಚ್ಚು. ವಸ್ತುವಿನಲ್ಲಿ ವಿಕಿರಣವಿದೆಯೆಂದು ಇಷ್ಟರಿಂದ ಹೇಳುವಂತಿಲ್ಲ. ಹತ್ತು ಹತ್ತು ನಿಮಿಷ ಎಣಿಸಿದರೆ ೩೦೦ ಮತ್ತು ೪೦೦ ದೊರೆಯುತ್ತವೆ. ವ್ಯತ್ಯಾಸ ೧೦೦, ಅನಿಶ್ಚಯ ಸುಮಾರು ೨೬. ಈಗ ಧೈರ್ಯವಾಗಿ ಹೇಳಬಹುದು. ಅನಿಶ್ಚಯವನ್ನು ಅರ್ಧಕ್ಕೆ ಇಳಿಸಬೇಕಾದರೆ ನಾಲ್ಕರಷ್ಟು ಕಾಲ ಎಣಿಸಬೇಕು, ಇದಕ್ಕೆ ಅಡ್ಡದಾರಿಯಿಲ್ಲ. ಪ್ರಯೋಗಶಾಲೆಯಲ್ಲಿ ಜಾಣತನಕ್ಕಿಂತ ತಾಳ್ಮೆಗೆ ಬೆಲೆ ಹೆಚ್ಚೆಂದು ಹಿರಿಯರು ಹೇಳುವುದರ ಅರ್ಥ ಇದೇ.

ಸೊನ್ನೆಯೂ ಒಂದು ಫಲಿತಾಂಶ

ದಂಡು ರೈಲ್ವೆ ನಿಲ್ದಾಣದಿಂದ ಹೊರಟ ಗಾಡಿಯು ಕೃಷ್ಣರಾಜಪುರ, ವೈಟ್‌ಫೀಲ್ಡುಗಳನ್ನು ದಾಟಿ ಬಂಗಾರಪೇಟೆಯನ್ನು ಸೇರುತ್ತದೆ. ಅಲ್ಲಿಂದ ಕವಲೊಡೆದ ದಾರಿಯು ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತದೆ. ನಂಜನಗೂಡಿನಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ೧೯೪೮ರಲ್ಲಿ ಟಾಟಾ ಸಂಸ್ಥೆಯನ್ನು ಸೇರಿದ ಬಿ. ವಿ. ಶ್ರೀಕಂಠನ್ ಅವರು ೧೯೫೧ರಿಂದ ಗಣಕಗಳನ್ನು ಈ ಗಣಿಗಳೊಳಗೆ ಕೊಂಡೊಯ್ದು, ನೆಲದ ಬೇರೆ ಬೇರೆ ಆಳಗಳಲ್ಲಿ ಮ್ಯೂಆನುಗಳನ್ನು ಎಣಿಸತೊಡಗಿದರು. ಅವರು ಸ್ನಾತಕೋತ್ತರ ತರಗತಿಯಲ್ಲಿ ವಿಶೇಷವಾಗಿ ಓದಿದ್ದುದು ರೇಡಿಯೋ ತಂತ್ರವನ್ನು. ಗಣಕಗಳ ವಿದ್ಯುನ್ಮಂಡಲಗಳನ್ನು ಕಟ್ಟುವ ಕೆಲಸಕ್ಕೆ ಅದು ತಕ್ಕ ಸಿದ್ಧತೆಯಾಗಿತ್ತು.

ಆಳಕ್ಕೆ ಇಳಿದಂತೆಲ್ಲ ಮೇಲಿನ ಬಂಡೆಯು ಮ್ಯೂಆನುಗಳನ್ನು ಹೆಚ್ಚು ಹೆಚ್ಚಾಗಿ ತಡೆಯುತ್ತದೆ, ಎಣಿಕೆಯು ಕುಗ್ಗುತ್ತದೆ. ೧೯೬೦ರ ದಶಕದ ಆರಂಭದಲ್ಲಿ ಸುಮಾರು ೨,೭೬೦ ಮೀಟರು ಆಳದಲ್ಲಿ ಉಪಕರಣಗಳನ್ನಿಟ್ಟು ಎರಡು ತಿಂಗಳು ಕಾದಾಗ ಒಂದು ಮ್ಯೂಆನೂ ಕಾಣಿಸಲಿಲ್ಲ. ಅರಿಯದವರು ಇದನ್ನು ಸೋಲೆನ್ನಬಹುದು. ಲೆಕ್ಕ ಬಲ್ಲವರಿಗೆ ಹಾಗಲ್ಲ. ಸರಾಸರಿ ಮೂರು ಎಣಿಕೆಗಳು ಬರಬೇಕಾಗಿದ್ದ ಅವಧಿಯಲ್ಲಿ ಒಂದೂ ಬಾರದಿರುವ ಸಂಭವವು ನೂರಕ್ಕೆ ಐದು ಮಾತ್ರ. ಆದುದರಿಂದ ಆ ಆಳದಲ್ಲಿ ಆ ಉಪಕರಣವನ್ನು ಹಾಯುವ ಮ್ಯೂಆನುಗಳು ಇಪ್ಪತ್ತು ದಿನಗಳಿಗೆ ಒಂದಕ್ಕಿಂತ ಕಡಿಮೆಯೆಂದು ಬಹುಮಟ್ಟಿನ ನಂಬಿಕೆಯಿಂದ ಹೇಳಬಹುದು. ಅಷ್ಟು ನಿಶ್ಶಬ್ದವಾದ ಸ್ಥಳವು ದೊರೆತರೆ ಅತಿ ದುರ್ಬಲವಾದ ದನಿಯನ್ನೂ ಕೇಳಬಹುದಲ್ಲವೆ?

ನಡೆದುದೂ ಹಾಗೆಯೇ. ನ್ಯೂಟ್ರಿನೋ ಎಂಬ ಕಣವು ಇಡೀ ಭೂಮಿಯನ್ನು ಸಲೀಸಾಗಿ ತೂರಿಹೋಗಬಲ್ಲದು. ಎಲ್ಲೋ ಅಪರೂಪಕ್ಕೆ ಬಂಡೆಯೊಳಗಿನ ಪರಮಾಣುವನ್ನು ತಾಗಿ ಒಂದು ಮ್ಯೂಆನನ್ನು ಹುಟ್ಟಿಸುತ್ತದೆ. ಆಕಾಶದ ಮ್ಯೂಆನುಗಳು ಅಷ್ಟು ಆಳಕ್ಕೆ ನೇರವಾಗಿ ಮೇಲಿನಿಂದ ಮಾತ್ರವೇ ತಲಪಬಲ್ಲವು. ಓರೆಯಾಗಿ ಬರಬೇಕಾದರೆ ಅವು ಇನ್ನೂ ಎಷ್ಟೋ ಪಾಲು ಹೆಚ್ಚು ಬಂಡೆಯನ್ನು ದಾಟಬೇಕು. ಆದುದರಿಂದ ಪಕ್ಕದಿಂದ ಬರುವ ಕಣಗಳನ್ನು ಹಿಡಿಯುವಂತೆ ಉಪಕರಣಗಳನ್ನು ಗೋಡೆಗಳ ಹಾಗೆ ನಿಲ್ಲಿಸಲಾಯಿತು. ೧೯೬೫ರಲ್ಲಿ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯಗಳವರು ಸೇರಿ ಸುಮಾರು ೨.೩ ಕಿಲೋಮೀಟರು ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತನ್ನು ಕಂಡರು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿ ಮತ್ತೊಂದು ತಂಡವೂ ಇದನ್ನು ಕಂಡಿತು. ಕೋಲಾರದ ಗಣಿಗಳು ೨೦೦೧ರಲ್ಲಿ ಮುಚ್ಚಿದವು; ಅಲ್ಲಿ ಬರೆದ ಎಣಿಕೆಗಳು ಉಳಿದಿವೆ. ಸೊನ್ನೆ ಬಂದಾಗ ಸೊನ್ನೆಯನ್ನೇ ಬರೆದವರ ಪುಸ್ತಕಗಳು ಅವು. ಬಾರದ ಎಣಿಕೆಯನ್ನು ಬಂದಿತೆಂದು ಒಮ್ಮೆ ಬರೆದ ವಿದ್ಯಾರ್ಥಿಯ ದಿನಚರಿಯನ್ನು ಮುಂದೆ ಯಾರೂ ಉಪಯೋಗಿಸುವಂತಿಲ್ಲ.

ಸರಪಳಿ ಕ್ರಿಯೆ

ಇದುವರೆಗೆ ಹೇಳಿದ್ದು ಪರಮಾಣು ಭೌತವಿಜ್ಞಾನ. ಪರಮಾಣು ಎಂಜಿನಿಯರಿಂಗಿನ ಹೃದಯವಾದರೋ ನ್ಯೂಟ್ರಾನು. ಯುರೇನಿಯಂ-೨೩೫ರ ಬೀಜವನ್ನು ನ್ಯೂಟ್ರಾನೊಂದು ಸೀಳಿದಾಗ ಶಕ್ತಿಯೊಡನೆ ಎರಡು ಅಥವಾ ಮೂರು ಹೊಸ ನ್ಯೂಟ್ರಾನುಗಳು ಹೊರಡುತ್ತವೆ. ಅವುಗಳಲ್ಲಿ ಸರಾಸರಿ ಒಂದು ಮತ್ತೊಂದು ಬೀಜವನ್ನು ಸೀಳಿದರೆ ಕ್ರಿಯೆಯು ತನ್ನಷ್ಟಕ್ಕೆ ಮುಂದುವರಿಯುತ್ತದೆ. ಜಗತ್ತಿನಲ್ಲಿ ಇದನ್ನು ಮೊದಲು ಸಾಧಿಸಿದುದು ಒಂದು ವಿಶ್ವವಿದ್ಯಾನಿಲಯದ ಆಟದ ಅಂಕಣದಲ್ಲಿ. ೧೯೪೨ರ ಡಿಸೆಂಬರ್ ೨ರಂದು ಷಿಕಾಗೋದಲ್ಲಿ ಎನ್ರಿಕೋ ಫರ್ಮಿಯವರ ರಿಯಾಕ್ಟರು ಅರ್ಧ ವಾಟಿನಷ್ಟು ಶಕ್ತಿಯನ್ನು ಕೊಟ್ಟಿತು. ಆ ತಂಡದಲ್ಲಿದ್ದ ಲಿಯೋನಾ ವುಡ್ಸ್ ಎಂಬ ೨೩ ವರ್ಷದ ಸಂಶೋಧನ ವಿದ್ಯಾರ್ಥಿನಿಯ ಕೆಲಸವು ನ್ಯೂಟ್ರಾನುಗಳನ್ನು ಎಣಿಸುವ ಗಣಕಗಳನ್ನು ತಯಾರಿಸುವುದಾಗಿತ್ತು.

ಅಂದು ಅವರು ಅನುಸರಿಸಿದ ಕ್ರಮವನ್ನು ಇಂದಿನ ವಿದ್ಯಾರ್ಥಿಯೂ ಕಲಿಯುತ್ತಾನೆ. ಇಂಧನವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ನ್ಯೂಟ್ರಾನುಗಳ ಎಣಿಕೆಯನ್ನು ನೋಡಬೇಕು. ಅದು ೧೦೦, ೨೦೦, ೪೦೦ ಎಂದು ಏರುತ್ತ ಹೋದರೆ ಎಲ್ಲಿ ನಿಲ್ಲುವುದೋ ಊಹಿಸುವುದು ಕಷ್ಟ. ಆದರೆ ಎಣಿಕೆಯ ವಿಲೋಮವನ್ನು ತೆಗೆದುಕೊಂಡು, ಮೊದಲಿನದನ್ನು ೧ ಎಂದಿಟ್ಟರೆ, ೧, ೧/೨, ೧/೪ ಎಂದು ಅದು ಇಳಿಯುತ್ತದೆ. ಈ ಬಿಂದುಗಳನ್ನು ಗೆರೆಯಿಂದ ಕೂಡಿಸಿ ಮುಂದಕ್ಕೆ ಎಳೆದರೆ ಅದು ಸೊನ್ನೆಯನ್ನು ಮುಟ್ಟುವ ಸ್ಥಳವೇ ಸಂದಿಗ್ಧ ಸ್ಥಿತಿ. ಅಲ್ಲಿಗೆ ತಲಪುವ ಮೊದಲೇ ಅದು ಎಲ್ಲಿದೆಯೆಂಬುದು ಕಾಗದದ ಮೇಲೆ ಗೊತ್ತಾಗುತ್ತದೆ. ರಿಯಾಕ್ಟರಿಲ್ಲದ ವಿಶ್ವವಿದ್ಯಾನಿಲಯಗಳಲ್ಲಿ, ತಾನಾಗಿ ಎಂದೂ ಸಂದಿಗ್ಧ ಸ್ಥಿತಿಯನ್ನು ಮುಟ್ಟಲಾರದಂತೆ ಸಹಜ ಯುರೇನಿಯಮ್ಮನ್ನು ನೀರಿನಲ್ಲಿ ಜೋಡಿಸಿ ಇಂಥ ಪ್ರಯೋಗಗಳನ್ನು ಮಾಡಿಸುವ ಪದ್ಧತಿಯುಂಟು.

ಇಂಥ ಕ್ರಿಯೆಯನ್ನು ಮನುಷ್ಯನು ಹತೋಟಿಯಲ್ಲಿಡಬಲ್ಲನೆ? ಒಂದು ನ್ಯೂಟ್ರಾನಿನ ಹುಟ್ಟಿನಿಂದ ಮುಂದಿನದರ ಹುಟ್ಟಿಗೆ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗ ಸಾಕೆಂದು ಭಾವಿಸೋಣ. ಪ್ರತಿ ತಲೆಮಾರಿಗೂ ಸಾವಿರಕ್ಕೆ ಒಂದರಂತೆ ಏರಿದರೂ ಒಂದು ಸೆಕೆಂಡಿನಲ್ಲಿ ಹತ್ತು ಸಾವಿರ ತಲೆಮಾರುಗಳು ಕಳೆದು, ಶಕ್ತಿಯು ಇಪ್ಪತ್ತು ಸಾವಿರ ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ಯಾವ ಕೈಯೂ ಅದನ್ನು ತಡೆಯಲಾರದು. ಆದರೆ ಪ್ರಕೃತಿಯು ಒಂದು ಅನುಕೂಲವನ್ನು ಒದಗಿಸಿದೆ. ಸಾವಿರ ನ್ಯೂಟ್ರಾನುಗಳಲ್ಲಿ ಸುಮಾರು ಆರೂವರೆಯಷ್ಟು, ಸೀಳಿದ ತುಣುಕುಗಳಿಂದ ಕೆಲವು ಸೆಕೆಂಡುಗಳಷ್ಟು ತಡವಾಗಿ ಹೊರಡುತ್ತವೆ. ಆ ಕೆಲವೇ ನ್ಯೂಟ್ರಾನುಗಳಿಗಾಗಿ ಕ್ರಿಯೆಯು ಕಾಯಬೇಕಾಗುವಂತೆ ರಿಯಾಕ್ಟರನ್ನು ನಡೆಸಿದರೆ ಸರಾಸರಿ ತಲೆಮಾರಿನ ಅವಧಿಯು ಸೆಕೆಂಡಿನ ಹತ್ತನೆಯ ಒಂದು ಭಾಗದ ಹತ್ತಿರಕ್ಕೆ ಬರುತ್ತದೆ. ಆಗ ಅದೇ ಏರಿಕೆಯು ಒಂದು ಸೆಕೆಂಡಿಗೆ ನೂರಕ್ಕೆ ಒಂದರಷ್ಟು ಮಾತ್ರ. ನಿಯಂತ್ರಣದ ಕಂಬಿಗಳನ್ನು ಚಲಿಸಲು ಬೇಕಾದಷ್ಟು ಸಮಯ ದೊರೆಯುತ್ತದೆ. ೧೯೫೬ರ ಆಗಸ್ಟ್ ೪ರಂದು ಟ್ರಾಂಬೆಯಲ್ಲಿ ಆರಂಭವಾದ ‘ಅಪ್ಸರಾ’ ನಡೆದುದೂ, ನಮ್ಮ ಕೈಗಾದ ನಾಲ್ಕು ರಿಯಾಕ್ಟರುಗಳು ನಡೆಯುತ್ತಿರುವುದೂ ಈ ತತ್ತ್ವದ ಮೇಲೆಯೇ. ಕೈಗಾದ ಮೊದಲನೆಯ ರಿಯಾಕ್ಟರು ೨೦೧೮ರ ಡಿಸೆಂಬರ್ ಕೊನೆಗೆ ೯೬೨ ದಿನಗಳ ಕಾಲ ಎಡೆಬಿಡದೆ ನಡೆದು ಜಗತ್ತಿನಲ್ಲಿಯೇ ದಾಖಲೆಯನ್ನು ಸ್ಥಾಪಿಸಿತು. ೨೦೨೦ರಲ್ಲಿ ಕೆನಡದ ರಿಯಾಕ್ಟರೊಂದು ಅದನ್ನು ಮೀರಿಸಿತು.

ಅಪಾಯದ ಮಾತು

ಇನ್ನು ತಂದೆತಾಯಿಗಳ ಪ್ರಶ್ನೆಗೆ ಬರೋಣ. ವಿಕಿರಣದಿಂದ ಹಾನಿಯಾಗುವುದು ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಎಷ್ಟು ಎಂಬುದೇ ಇಲ್ಲಿ ಮುಖ್ಯವಾದ ಮಾತು. ನೆಲ, ಗಾಳಿ, ಆಕಾಶ ಮತ್ತು ಆಹಾರಗಳಿಂದ ಜಗತ್ತಿನ ಜನರು ಸರಾಸರಿ ವರ್ಷಕ್ಕೆ ೨.೪ ಮಿಲಿಸೀವರ್ಟಿನಷ್ಟು ವಿಕಿರಣವನ್ನು ಪಡೆಯುತ್ತಲೇ ಇರುತ್ತಾರೆ. ಇದರ ಮೇಲೆ ಸಾರ್ವಜನಿಕರಿಗೆ ವರ್ಷಕ್ಕೆ ೧ ಮಿಲಿಸೀವರ್ಟ್, ವಿಕಿರಣದ ಕೆಲಸಗಾರರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ ೨೦ ಎಂದು ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ಮಿತಿಯನ್ನು ಗೊತ್ತುಪಡಿಸಿದೆ. ಯಾವ ಒಂದು ವರ್ಷದಲ್ಲಿಯೂ ೩೦ನ್ನು ಮೀರುವಂತಿಲ್ಲ. ೧೮ ವರ್ಷ ತುಂಬದವರನ್ನು ಈ ಕೆಲಸಕ್ಕೆ ನೇಮಿಸಲಾಗದು. ೧೬ ತುಂಬದವರನ್ನು ಶಿಕ್ಷಣಾರ್ಥಿಗಳಾಗಿಯೂ ತೆಗೆದುಕೊಳ್ಳಲಾಗದು.

ರಕ್ಷಣೆಯ ಸೂತ್ರಗಳು ಮೂರೇ: ಕಾಲ, ದೂರ, ತಡೆ. ಅರ್ಧ ಕಾಲ ನಿಂತರೆ ಅರ್ಧ ವಿಕಿರಣ. ಚಿಕ್ಕ ಮೂಲದಿಂದ ಎರಡರಷ್ಟು ದೂರಕ್ಕೆ ಸರಿದರೆ ನಾಲ್ಕರಲ್ಲಿ ಒಂದು ಪಾಲು. ಸೀಸಿಯಂ-೧೩೭ರ ಗ್ಯಾಮಾ ಕಿರಣಗಳಿಗೆ ಸುಮಾರು ೬ ಮಿಲಿಮೀಟರು ದಪ್ಪದ ಸೀಸವನ್ನು ಅಡ್ಡವಿಟ್ಟರೆ ಅರ್ಧಕ್ಕೆ ಇಳಿಯುತ್ತದೆ. ಅಂಥ ಹತ್ತು ಪದರಗಳನ್ನಿಟ್ಟರೆ ಸಾವಿರದಲ್ಲಿ ಒಂದಕ್ಕೆ. ಇದರ ಜೊತೆಗೆ ಎದೆಯ ಮೇಲೆ ಧರಿಸುವ ಬಿಲ್ಲೆಯೊಂದು ಪ್ರತಿಯೊಬ್ಬನೂ ಪಡೆದ ವಿಕಿರಣವನ್ನು ದಾಖಲಿಸುತ್ತದೆ. ಬಿಲ್ಲೆಯು ಕಾಪಾಡುವುದಿಲ್ಲ, ಲೆಕ್ಕವನ್ನು ಮಾತ್ರ ಇಡುತ್ತದೆ ಎಂಬುದನ್ನು ಮರೆಯಬಾರದು. ಪ್ರಯೋಗಶಾಲೆಯಲ್ಲಿ ತಿಂಡಿ ತಿನ್ನಬಾರದು, ಮೂಲವನ್ನು ಕೈಯಿಂದ ಮುಟ್ಟಬಾರದು, ಪಡೆದುದನ್ನು ಪುಸ್ತಕದಲ್ಲಿ ಬರೆದು ಹಿಂದಿರುಗಿಸಬೇಕು ಎಂಬ ಸಣ್ಣ ನಿಯಮಗಳನ್ನು ಹಗುರವಾಗಿ ಕಾಣುವವನಿಗೆ ಈ ವಿದ್ಯೆ ತಕ್ಕುದಲ್ಲ. ನಾವು ತಂದೆತಾಯಿಗಳಿಗೆ ಹೇಳುವ ಮಾತು ಇಷ್ಟೆ: ತಮ್ಮ ಮಗನೋ ಮಗಳೋ ನಿಯಮವನ್ನು ಪಾಲಿಸುವ ಸ್ವಭಾವದವರಾದರೆ ಹೆದರಬೇಕಾದುದಿಲ್ಲ, ಅಲ್ಲದಿದ್ದರೆ ಬೇರೆ ಶಾಖೆಯನ್ನು ಹಿಡಿಯುವುದು ಲೇಸು.

ಸೇರುವ ದಾರಿ

ಕೊನೆಗೆ ಮೊದಲನೆಯ ಪ್ರಶ್ನೆ. ಪದವಿಪೂರ್ವ ತರಗತಿಯಿಂದಲೇ ಗಣಿತವನ್ನು ಗಟ್ಟಿಮಾಡಿಕೊಳ್ಳಬೇಕು. ಘಾತಶ್ರೇಣಿ, ಲಾಗರಿತಮ್ಮು, ಸಂಭವಗಣಿತ ಇವು ದಿನನಿತ್ಯದ ಸಾಧನಗಳು. ಅನಂತರ ಭೌತವಿಜ್ಞಾನದ ಪದವಿ ಅಥವಾ ಎಂಜಿನಿಯರಿಂಗ್ ಪದವಿ. ಯಂತ್ರ, ವಿದ್ಯುತ್ತು, ರಸಾಯನ, ಲೋಹಶಾಸ್ತ್ರ ಈ ಎಲ್ಲ ಶಾಖೆಗಳವರಿಗೂ ಇಲ್ಲಿ ಸ್ಥಾನವುಂಟು. ೧೯೫೭ರಲ್ಲಿ ಆರಂಭವಾದ ಟ್ರಾಂಬೆಯ ಶಿಕ್ಷಣ ಶಾಲೆಯು ಪದವೀಧರರನ್ನು ಆರಿಸಿ ಒಂದು ವರ್ಷ ತರಬೇತಿ ಕೊಡುತ್ತದೆ. ಕಾನ್ಪುರದ ಐ.ಐ.ಟಿ.ಯಲ್ಲಿ ಪರಮಾಣು ಎಂಜಿನಿಯರಿಂಗಿನ ಉನ್ನತ ವ್ಯಾಸಂಗವುಂಟು. ನಮ್ಮ ರಾಜ್ಯದಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದವರು ಕರಾವಳಿಯ ಮತ್ತು ಕೈಗಾ ಪರಿಸರದ ವಿಕಿರಣವನ್ನೂ, ಮೈಸೂರು ವಿಶ್ವವಿದ್ಯಾನಿಲಯದವರು ಮನೆಗಳೊಳಗಿನ ರೇಡಾನ್ ಅನಿಲವನ್ನೂ ಅಳೆದಿದ್ದಾರೆ. ಬೆಂಗಳೂರಿನಲ್ಲಿ ನೆಲಸಿರುವ ಭಾರತೀಯ ವಿಜ್ಞಾನ ಅಕಾಡೆಮಿಯು ಇತರ ಎರಡು ಅಕಾಡೆಮಿಗಳೊಡನೆ ಸೇರಿ ನಡೆಸುತ್ತ ಬಂದಿರುವ ಬೇಸಗೆಯ ವಿದ್ಯಾರ್ಥಿವೇತನದ ಯೋಜನೆಯೂ ಒಳ್ಳೆಯ ಬಾಗಿಲು.

ಪ್ರಾಧ್ಯಾಪಕರಿಗೆ ಪತ್ರ ಬರೆಯುವವರು ತಮ್ಮ ಉತ್ಸಾಹವನ್ನು ಪುಟಗಟ್ಟಲೆ ವರ್ಣಿಸಬೇಕಾಗಿಲ್ಲ. ಅವರ ಒಂದು ಪ್ರಬಂಧವನ್ನು ಓದಿ, ಅದರಲ್ಲಿ ಅರ್ಥವಾದುದೇನು, ಆಗದುದೇನು ಎಂಬುದನ್ನು ನಾಲ್ಕು ವಾಕ್ಯಗಳಲ್ಲಿ ಬರೆಯಲಿ. ತಾವು ಸ್ವಂತ ಕೈಯಿಂದ ಕಟ್ಟಿದ ಅಥವಾ ಅಳೆದ ಏನಾದರೊಂದನ್ನು ತಿಳಿಸಲಿ. ಅಂಥದು ಯಾವುದೂ ಇನ್ನೂ ಇಲ್ಲವೆನ್ನುವವರಿಗೆ ಒಂದು ಸಲಹೆ. ಕಾಲೇಜಿನ ರಸಾಯನ ವಿಭಾಗದಲ್ಲಿ ದೊರೆಯುವ ಪೊಟಾಸಿಯಂ ಕ್ಲೋರೈಡಿನ ಒಂದೊಂದು ಗ್ರಾಮಿನಲ್ಲಿಯೂ ಪ್ರತಿ ಸೆಕೆಂಡಿಗೆ ಸುಮಾರು ೧೬ ಪರಮಾಣುಗಳು ಸಿಡಿಯುತ್ತಿರುತ್ತವೆ. ಭೌತವಿಜ್ಞಾನ ವಿಭಾಗದಲ್ಲಿ ಗೈಗರ್ ಗಣಕವಿದ್ದರೆ, ಅಧ್ಯಾಪಕರ ಅನುಮತಿಯಿಂದ, ಆ ಉಪ್ಪನ್ನು ತಟ್ಟೆಯಲ್ಲಿ ಹರಡಿ ಒಂದು ಗಂಟೆ ಎಣಿಸಿರಿ. ತಟ್ಟೆಯನ್ನು ಬರಿದುಮಾಡಿ ಮತ್ತೊಂದು ಗಂಟೆ ಎಣಿಸಿರಿ. ಎರಡೂ ಸಂಖ್ಯೆಗಳನ್ನೂ ಅವುಗಳ ವರ್ಗಮೂಲಗಳನ್ನೂ ತಾರೀಖಿನೊಡನೆ ಬರೆದಿಡಿರಿ. ಪತ್ರದಲ್ಲಿ ತಿಳಿಸಲು ಅಷ್ಟು ಸಾಕು.